ಹಳೇ ಟಿವಿಗೆ ಆಡಿಯೋ ಔಟ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ತಾವು ಎಂಬತ್ತರ ದಶಕದ ಟಿವಿಗೆ ಆಡಿಯೋ ಔಟ್‌ಪುಟ್ ಜೋಡಿಸಲು ಹೊರಟಿದ್ದೀರಿ. ಕೈಪಿಡಿಯನ್ನು ಪೂರ್ತಿ ಓದುವವರೆಗೆ ಸ್ಕ್ರೂಡ್ರೈವರ್ ಮುಟ್ಟಬಾರದು. ಅದನ್ನು ಈಗಲೇ ಮನೆಯವರ ಕೈಗೆ ಕೊಟ್ಟು, ಎಲ್ಲಿಟ್ಟಿದ್ದಾರೆಂದು ತಮಗೆ ಹೇಳದಂತೆ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಉದ್ದೇಶ: ಅಜ್ಜನಿಗೆ ಕಿವಿ ಮಂದ. ವಾರ್ತೆ ಅವರಿಗೆ ಕೇಳಿಸಬೇಕಾದರೆ ಮೂರನೇ ಮನೆಗೂ ಕೇಳಿಸಬೇಕು. ಹಾಗಾಗಿ ಹೆಡ್‌ಫೋನ್. ಟಿವಿ ಹಿಂದೆ ಒಂದು ತೂತು ಕೊರೆದು ಜ್ಯಾಕ್ ಕೂರಿಸಿ, ಸ್ಪೀಕರಿನಿಂದ ಎರಡು ವೈರು ಎಳೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದು ಭಾವಮೈದ ಹೇಳಿದ್ದಾನೆ. ಸ್ಕ್ರೂಡ್ರೈವರಿನ ಜೊತೆ ಅವನನ್ನೂ ಒಳಗಿಡಿ.

ಯಂತ್ರದ ಪರಿಚಯ: ಎಳೆದು ಮುಚ್ಚುವ ಶಟರ್, ಅದಕ್ಕೊಂದು ಬೀಗ, ಮೇಲೆ ಕ್ರೋಶಾ ಹಾಕಿದ ಬಟ್ಟೆ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದಾಗ ಇದಕ್ಕೆ ಹೂವಿನ ಹಾರ ಬಿದ್ದದ್ದೂ ಉಂಟು. ವಾರಂಟಿ ಕಾರ್ಡು ಭದ್ರವಾಗಿದೆ. ಅದಕ್ಕೆ ಸೀಲು ಹಾಕಿದ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಹಂತ ಒಂದು: ಹಿಂದಿನ ಮುಚ್ಚಳ ತೆಗೆಯಬೇಡಿ. ಒಳಗೇನಿದೆ ಎಂಬ ಕುತೂಹಲವಿದ್ದರೆ ಹೇಳುತ್ತೇವೆ: ಬೆರಳು ದಪ್ಪದ ಧೂಳು, ಜೇಡನ ಸಂಸಾರ, ಮುಚ್ಚಳದ ಒಳಮೈಗೆ ಅಂಟಿಸಿದ ಸರ್ಕ್ಯೂಟ್ ನಕ್ಷೆ. ನಕ್ಷೆಯಲ್ಲಿ ಅರ್ಧ ಜಿರಳೆಯ ಪಾಲು. ಉಳಿದರ್ಧದಲ್ಲಿ ತಮಗೆ ಬೇಕಾದ್ದಿಲ್ಲ. ಪಿಕ್ಚರ್ ಟ್ಯೂಬಿನ ಪಕ್ಕೆಗೆ ರಬ್ಬರ್ ಟೋಪಿ ಹಾಕಿ ಕೂರಿಸಿದ ದಪ್ಪ ವೈರಿನಲ್ಲಿ, ಕಪ್ಪು ಬಿಳುಪು ಸೆಟ್ಟಾದರೆ ಹತ್ತು ಸಾವಿರ ವೋಲ್ಟಿಗೂ ಮೇಲೆ, ಕಲರಾದರೆ ಇಪ್ಪತ್ತು ಸಾವಿರಕ್ಕೂ ಮೇಲೆ. ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಕಾದು ಕೂತಿರಬಹುದು.

ಇದಕ್ಕೆ ಎಲ್ಲರೂ ಹೆದರುತ್ತಾರೆ, ಹೆದರಲೂ ಬೇಕು. ಆದರೆ ಅಜ್ಜನ ಪಾಲಿಗೆ ಕಂಟಕವಾಗಿರುವುದು ಅತ್ಯಂತ ಸಾಧುವಾಗಿ ಕಾಣುವ ಆ ಸ್ಪೀಕರಿನ ಎರಡು ವೈರು. ಆ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಖರ್ಚು ಉಳಿಸಲು ಮೇನ್ಸ್ ಟ್ರಾನ್ಸ್‌ಫಾರ್ಮರ್ ಕೈಬಿಟ್ಟಿದ್ದರು. ಗೋಡೆಯ 230 ವೋಲ್ಟಿನ ಒಂದು ಕಾಲು ನೇರವಾಗಿ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಬಂದು ಸೇರುತ್ತಿತ್ತು. ಸ್ಪೀಕರಿನ ವೈರಿನ ನಂಟೂ ಅದೇ ಚಾಸಿಗೆ. ಎರಡು ಕಾಲಿನ ಪ್ಲಗ್ಗನ್ನು ಒಂದು ಬಗೆಯಲ್ಲಿ ಚುಚ್ಚಿದರೆ ಚಾಸಿಯಲ್ಲಿ ನ್ಯೂಟ್ರಲ್, ತಿರುಗಿಸಿ ಚುಚ್ಚಿದರೆ ಫೇಸ್. ಬ್ರಿಜ್ ರೆಕ್ಟಿಫೈಯರ್ ಇರುವ ಸೆಟ್ಟಾದರೆ ಹೇಗೆ ಚುಚ್ಚಿದರೂ ಕರೆಂಟೇ. ಇಷ್ಟಾದರೂ ಟಿವಿ ಯಾರಿಗೂ ಹೊಡೆಯುತ್ತಿರಲಿಲ್ಲ, ಏಕೆಂದರೆ ಗುಬುಟುಗಳು ಪ್ಲಾಸ್ಟಿಕ್ಕು, ಪೆಟ್ಟಿಗೆ ಮರದ್ದು. ಹೊರಗೆ ಕಾಣುವ ಆಂಟೆನಾ ಸಾಕೆಟ್ಟನ್ನೂ ಸಣ್ಣ ಕೆಪಾಸಿಟರುಗಳ ಮೂಲಕ ಚಾಸಿಯಿಂದ ಬೇರೆ ಮಾಡಿರುತ್ತಿದ್ದರು. ಎಂಜಿನಿಯರುಗಳು ಇಷ್ಟು ಜತನದಿಂದ ಒಳಗೆ ಕೂಡಿಹಾಕಿದ್ದನ್ನು ಭಾವಮೈದ ಹತ್ತೇ ನಿಮಿಷದಲ್ಲಿ ಜ್ಯಾಕಿನ ಮೂಲಕ ಹೊರತಂದು, ಲೋಹದ ಪಟ್ಟಿಯ ಹೆಡ್‌ಫೋನ್ ಮಾಡಿ ಅಜ್ಜನ ತಲೆಗೆ ಕಿರೀಟವಾಗಿ ತೊಡಿಸಲಿದ್ದಾನೆ.

ಹಂತ ಎರಡು: ಭಾವಮೈದನ ಮರುವಾದಗಳನ್ನು ಎದುರಿಸುವುದು. ‘ನಡುವೆ ಒಂದು ಕೆಪಾಸಿಟರ್ ಹಾಕಿದರಾಯಿತು’ ಎನ್ನುತ್ತಾನೆ. ಕೆಪಾಸಿಟರ್ ತಡೆಯುವುದು ಡಿಸಿಯನ್ನು. ಗೋಡೆಯಿಂದ ಬರುವುದು ಎಸಿ. ಹತ್ತು ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಹರ್ಟ್ಸಿನ ಕರೆಂಟಿಗೆ ಒಡ್ಡುವ ಅಡ್ಡಿ ಸುಮಾರು 318 ಓಮ್ ಅಷ್ಟೇ. ‘ಹಳೇ ರೇಡಿಯೋದ ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ’ ಎನ್ನುತ್ತಾನೆ. ದಾರಿ ಸರಿ, ಸಾಮಾನು ತಪ್ಪು: ಅದರ ಎರಡು ಸುರುಳಿಗಳ ನಡುವಿನ ಇನ್ಸುಲೇಷನ್ ಮೇನ್ಸ್ ತಡೆಯಲೆಂದು ಮಾಡಿದ್ದಲ್ಲ. ಕೊನೆಗೆ ‘ಸೀರೀಸ್ ಬಲ್ಬು ಕಟ್ಟಿಕೊಂಡೇ ಕೆಲಸ ಮಾಡ್ತೀನಿ’ ಎನ್ನುತ್ತಾನೆ. ರಿಪೇರಿ ಅಂಗಡಿಯ ಬೆಂಚಿನ ಮೇಲೆ ತೂಗುವ ಆ ನೂರು ವಾಟಿನ ಬಲ್ಬು ಸೆಟ್ಟನ್ನು ಉಳಿಸುತ್ತದೆ, ಭಾವಮೈದನನ್ನಲ್ಲ. ಮನುಷ್ಯನ ಜೀವ ತೆಗೆಯಲು ಅದು ಬಿಟ್ಟುಕೊಡುವ ಕರೆಂಟು ಧಾರಾಳ ಸಾಕು.

ಹಂತ ಮೂರು: ರದ್ದಾಗಿದೆ.

ಹಂತ ನಾಲ್ಕು: ಟಿವಿಯ ಪಕ್ಕಕ್ಕೆ ನೋಡಿ. ಅಲ್ಲೊಂದು ಸೆಟ್‌ಟಾಪ್ ಬಾಕ್ಸ್ ಇದೆ. ಬೆಂಗಳೂರು, ಮೈಸೂರಿನ ಕೇಬಲ್ಲಿಗೆ 2013ರಲ್ಲಿ ಇದು ಕಡ್ಡಾಯವಾಯಿತು. ಬಾಕ್ಸಿನ ಬೆನ್ನಿಗೆ ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಶಬ್ದ. ಟಿವಿಯಿಂದ ಕದಿಯಲು ಹೊರಟಿದ್ದ ಶಬ್ದ ಟಿವಿಗೆ ಹೋಗುವ ಮುಂಚೆಯೇ ಇಲ್ಲಿ ಸಿಗುತ್ತದೆ, ಅದೂ ಕಡಿಮೆ ವೋಲ್ಟೇಜಿನಲ್ಲಿ, ಹೊರಗಿನ ಯಂತ್ರಕ್ಕೆ ಜೋಡಿಸಲೆಂದೇ ಇಟ್ಟಿರುವುದು. ಬಿಳಿ, ಕೆಂಪು ವೈರನ್ನು ಹೆಡ್‌ಫೋನ್ ಆಂಪ್ಲಿಫೈಯರಿಗೋ, ಕೇಬಲ್ ಇಲ್ಲದ ಹೆಡ್‌ಫೋನಿನ ಸ್ಟ್ಯಾಂಡಿಗೋ ಸಿಕ್ಕಿಸಿ. ಟಿವಿಯ ಶಬ್ದವನ್ನು ಪೂರ್ತಿ ಇಳಿಸಿ.

ಬಾಕ್ಸಿನಲ್ಲಿ ಆ ತೂತುಗಳೇ ಇಲ್ಲದಿದ್ದರೆ ಟಿವಿ ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟು, ಅಲ್ಲಿಂದ ಅಜ್ಜನ ಕಿವಿಗೆ ಸಾಗಿಸಿ. ನಡುವೆ ಇರುವುದು ಬರೀ ಗಾಳಿ, ಅದಕ್ಕಿಂತ ಅಗ್ಗದ ಇನ್ಸುಲೇಷನ್ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆಯಾದ ಎಸ್.ಪಿ. ರೋಡಿನಲ್ಲೂ ಸಿಗದು. ಟಿವಿಯಿಂದಲೇ ಎಳೆಯಬೇಕೆಂಬ ಹಟವಿದ್ದರೆ, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿರುವ ಹಳೇ ಮೆಕ್ಯಾನಿಕ್ಕನ್ನು ಹುಡುಕಿ, ಸೆಟ್ಟನ್ನು ಅವರಿಗೆ ಒಪ್ಪಿಸಿ. ಅವರು ಒಲ್ಲೆ ಎಂದರೆ ಚೌಕಾಸಿ ಮಾಡಬೇಡಿ.

ತೊಂದರೆ ಮತ್ತು ಪರಿಹಾರ

ಹೆಡ್‌ಫೋನಿನಲ್ಲಿ ಶಬ್ದ ಕಡಿಮೆ: ಟಿವಿಯ ಗುಬುಟು ತಿರುಗಿಸುತ್ತಿದ್ದೀರಿ. ಬಾಕ್ಸಿನ ರಿಮೋಟ್ ಒತ್ತಿ.

ಅಜ್ಜಿಗೆ ಏನೂ ಕೇಳಿಸುತ್ತಿಲ್ಲ: ಟಿವಿಯ ಶಬ್ದ ಇಳಿಸಿದವರು ತಾವೇ. ಸ್ವಲ್ಪ ಏರಿಸಿ.

ಹೆಡ್‌ಫೋನ್ ಹಾಕಿದ ಅಜ್ಜ ಇಡೀ ಬೀದಿಗೆ ಕೇಳುವಂತೆ ಕಾಫಿ ಕೇಳುತ್ತಾರೆ: ಇದು ಯಂತ್ರದ ದೋಷವಲ್ಲ. ಕಾಫಿ ಕೊಡಿ.