ಸ್ಪರ್ಶಫಲಕಸ್ಥ ಆವೃತ್ತಿನಿಯಂತ್ರಣ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಟ್ಯಾಬ್ಲೆಟ್ ಹಿಡಿದು ಕೋಡ್ ಬರೆಯುವ ವಿದ್ಯಾರ್ಥಿಜೀವಿಯು ಗಿಟ್ ಎಂಬ ಆವೃತ್ತಿನಿಯಂತ್ರಣ ವ್ಯವಸ್ಥೆಯೊಡನೆ ನಡೆಸುವ ಬಹುಆಯಾಮೀಯ ಮುಖಾಮುಖಿಯನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಪರಾಮರ್ಶಿಸುವ ವಿನಮ್ರ ಯತ್ನವಾಗಿದೆ. ‘ವಿನಮ್ರ’ ಎಂಬುದನ್ನು ವಾಡಿಕೆಯಂತೆ ಸೇರಿಸಲಾಗಿದೆ. ವಿಷಯವು ಆರು ಅಧಿಕರಣಗಳಲ್ಲಿ ಹರಡಿಕೊಂಡಿದ್ದು, ಪ್ರತಿ ಅಧಿಕರಣಕ್ಕೂ ಮೂರು ಉಪಾಧಿಕರಣಗಳಿವೆ.

ಕರ್ತೃ-ಕಾಲ ವಿಚಾರ: ಗಿಟ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಕಾಲ 2005ರ ಏಪ್ರಿಲ್. ಲಿನಕ್ಸ್ ಕರ್ನಲ್‌ನವರು ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ಕೈತಪ್ಪಿದಾಗ ಆತ ಕೆಲವೇ ದಿನಗಳಲ್ಲಿ ಇದನ್ನು ಕಟ್ಟಿ ನಿಲ್ಲಿಸಿದ. ಆತನ ಮುಂದೆ ಕಂಟ್ರೋಲ್, ಎಸ್ಕೇಪ್, ಟ್ಯಾಬ್ ಎಂಬ ಕೀಲಿಗಳುಳ್ಳ ಕೀಬೋರ್ಡ್ ಇದ್ದಿತೆಂದು ಆಂತರಿಕ ಪ್ರಮಾಣಗಳಿಂದ ಊಹಿಸಬಹುದು. ಮೊದಲ ಐಪ್ಯಾಡ್ ಬಂದದ್ದು 2010ರಲ್ಲಿ. ಆದಕಾರಣ ಗಿಟ್‌ನ ಕರ್ತೃವಿಗೆ ಐಪ್ಯಾಡ್‌ನ ಪ್ರಭಾವ ಆಗಿರಲಾರದು.

ಪ್ರಥಮಾಧಿಕರಣ, ರೇಖಾದ್ವಯಲೋಪ: ಗಿಟ್‌ನ ಆಜ್ಞೆಗಳಲ್ಲಿ ಎರಡು ಕಿರುಗೆರೆಗಳ ಜೋಡಿಗೆ ವಿಶೇಷ ಸ್ಥಾನವಿದೆ. ವಿದ್ಯಾರ್ಥಿಯು ತರಗತಿಯಲ್ಲಿ ಕೇಳಿದ ಆಜ್ಞೆಯನ್ನು ಐಪ್ಯಾಡ್‌ನ ನೋಟ್ಸ್‌ನಲ್ಲಿ ಬರೆದುಕೊಂಡರೆ, ಫಲಕವು ಅಕ್ಷರಸೌಂದರ್ಯದ ಕಾಳಜಿಯಿಂದ ಎರಡನ್ನೂ ಬೆಸೆದು ಒಂದು ಉದ್ದಗೆರೆ ಮಾಡುತ್ತದೆ. ನೇರ ಉದ್ಧರಣ ಚಿಹ್ನೆಗಳನ್ನು ಬಾಗಿಸುತ್ತದೆ. ರಾತ್ರಿ ಅದನ್ನೇ ಟರ್ಮಿನಲ್ ಆ್ಯಪ್‌ಗೆ ಅಂಟಿಸಿದಾಗ ಗಿಟ್ ಆ ಉದ್ದಗೆರೆಯ ಪದವನ್ನು ಫೈಲಿನ ಹೆಸರೆಂದು ಬಗೆದು, ಅಂಥ ಫೈಲನ್ನು ತಾನು ಕಂಡೇ ಇಲ್ಲವೆನ್ನುತ್ತದೆ. ಇದನ್ನು ಲಿಪಿಕಾರದೋಷವೆಂದು ಪರಿಗಣಿಸಲು ಗ್ರಂಥಸಂಪಾದನಶಾಸ್ತ್ರದಲ್ಲಿ ಅವಕಾಶವಿದೆ. ಇಲ್ಲಿ ಲಿಪಿಕಾರ ಯಂತ್ರ, ಬೈಸಿಕೊಳ್ಳುವವನು ಹುಡುಗ.

ದ್ವಿತೀಯಾಧಿಕರಣ, ಸ್ವಾಮ್ಯಸಂಶಯ: ಆಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡವರಿಗೆ ಗಿಟ್ ದೊರೆಯುತ್ತದೆ, ವಾಲ್ಯೂಮ್ ತಗ್ಗಿಸುವ ಗುಂಡಿಯೇ ಅಲ್ಲಿ ಕಂಟ್ರೋಲ್ ಕೀಲಿಯಾಗಿ ಅವತರಿಸುತ್ತದೆ. ಆದರೆ ಟರ್ಮಕ್ಸ್ ತನ್ನೊಳಗೆ ಇಟ್ಟುಕೊಂಡ ಫೈಲುಗಳು ಬೇರೆ ಎಡಿಟರ್‌ಗಳಿಗೆ ಸುಲಭವಾಗಿ ಎಟುಕವು. ಎಲ್ಲ ಆ್ಯಪ್‌ಗಳಿಗೂ ಕಾಣುವ ಸ್ಟೋರೇಜ್‌ನಲ್ಲಿಟ್ಟರೆ, 2022ರಿಂದೀಚಿನ ಗಿಟ್ ಆ ಫೋಲ್ಡರಿನ ಒಡೆತನವೇ ಸಂಶಯಾಸ್ಪದವೆಂದು ಹಿಂದೆ ಸರಿಯುತ್ತದೆ. ಭದ್ರತೆಯ ದೃಷ್ಟಿಯಿಂದ ನಿಯಮ ಸರಿಯೇ. ಹುಡುಗಿಯ ಪಾಡು ಬೇರೆ: ಟ್ಯಾಬ್ ತನ್ನದು, ಕೋಡ್ ತನ್ನದು, ಕಣ್ಣುರಿಯೂ ತನ್ನದು, ಒಡೆತನ ಮಾತ್ರ ಸಂಶಯಾಸ್ಪದ.

ತೃತೀಯಾಧಿಕರಣ, ಪ್ರವೇಶಮುದ್ರಾ ಪ್ರಕರಣದ ಪೂರ್ವಪಕ್ಷವು ಹೀಗಿದೆ... ಬಿಡಿ, ಸಾಕು ಈ ಅಧಿಕರಣಗಳು.

2021ರಲ್ಲಿ ನಮ್ಮ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಅದೇ ವರ್ಷ ಆಗಸ್ಟ್ 13ರಿಂದ ಗಿಟ್‌ಹಬ್‌ಗೆ ಬರೀ ಪಾಸ್‌ವರ್ಡ್ ಕೊಟ್ಟು ಕೋಡ್ ಪುಶ್ ಮಾಡುವುದು ನಿಂತಿತು. ಟೋಕನ್ ಬೇಕು, ಇಲ್ಲವೇ ಎಸ್‌ಎಸ್‌ಎಚ್ ಕೀಲಿ ಬೇಕು. ಟೋಕನ್ನೋ, ಒಮ್ಮೆ ಮಾತ್ರ ತೋರಿಸುವ ಉದ್ದನೆಯ ಅಕ್ಷರಮಾಲೆ. ಟರ್ಮಿನಲ್‌ನಲ್ಲಿ ಅದನ್ನು ಅಂಟಿಸಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಅಂಟಿತೋ ಇಲ್ಲವೋ ಹೇಗೆ ತಿಳಿಯಬೇಕು?

ಇಂಥ ಮಕ್ಕಳ ಮುಂದೆ ಬಂದು ನಿಲ್ಲುತ್ತಾರೆ ಕೌಶಲ ತರಬೇತಿಯ ಸಂಪನ್ಮೂಲ ವ್ಯಕ್ತಿಗಳು. ಎದುರಿಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಮಾನಿಟರ್, ಕೊರಳಲ್ಲಿ ಗುರುತಿನ ಪಟ್ಟಿ. ‘ಸಾಧನ ಮುಖ್ಯವಲ್ಲಪ್ಪಾ, ಶಿಸ್ತು ಮುಖ್ಯ’ ಎಂಬ ಉಪದೇಶ. ಹುಡುಗರು ಫೈಲಿಗೆ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಎಂದು ಹೆಸರಿಟ್ಟು ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಳ್ಳುತ್ತಾರೆಂದು ಹೇಳಿ ಸಭೆಯನ್ನು ನಗಿಸುತ್ತಾರೆ. ನಗುವುದೇನಿದೆ? ತಾರೀಖಿದೆ, ವೇಳೆಯಿದೆ, ಹಳೆಯ ಪ್ರತಿ ಹಾಗೆಯೇ ಉಳಿದಿದೆ. ಯಾರೂ ಹೇಳಿಕೊಡದೆ, ಸಿಕ್ಕಿದ್ದರಲ್ಲಿ ಕಟ್ಟಿಕೊಂಡ ಆವೃತ್ತಿನಿಯಂತ್ರಣ ಅದು. ಬ್ರಾಂಚ್ ಇಲ್ಲ, ಮರ್ಜ್ ಇಲ್ಲ ಎನ್ನುವುದು ನಿಜ. ಆ ಮಕ್ಕಳ ಹತ್ತಿರ ಲ್ಯಾಪ್‌ಟಾಪೂ ಇಲ್ಲ.

ಹೊಟ್ಟೆ ಉರಿಯುವುದು ಇಲ್ಲಿ. 2020ರ ಮ್ಯಾಕ್‌ಬುಕ್ ಏರ್‌ನಲ್ಲಿದ್ದ ಎಂ1 ಚಿಪ್ಪನ್ನೇ 2021ರ ಐಪ್ಯಾಡ್ ಪ್ರೋನಲ್ಲೂ ಕೂರಿಸಿದರು. ಒಂದರಲ್ಲಿ ಕಂಪನಿಯೇ ಕೊಟ್ಟ ಟರ್ಮಿನಲ್ ಇದೆ, ಇನ್ನೊಂದರಲ್ಲಿ ಇಲ್ಲ. ಚಿಪ್ಪಿಗೆ ತ್ರಾಣವಿಲ್ಲದೆ ಅಲ್ಲ, ಕೊಡಬಾರದೆಂದು ಯಾರೋ ತೀರ್ಮಾನಿಸಿದ್ದರಿಂದ. ದೊಡ್ಡ ಕ್ಲೋನ್ ಒಂದಕ್ಕೆ ಚಾಲನೆ ಕೊಟ್ಟು ಬೇರೆ ಆ್ಯಪ್‌ಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಅದನ್ನು ತಡೆದು ನಿಲ್ಲಿಸುವುದೂ ಇಂಥದೇ ತೀರ್ಮಾನ. ಸಿನಿಮಾ ನೋಡಲು, ಕೊಳ್ಳಲು, ಪಾಠ ಕೇಳಲು ಟ್ಯಾಬ್ಲೆಟ್ ಎಷ್ಟು ಸಲೀಸು! ಏನನ್ನಾದರೂ ಮಾಡಹೊರಟವರಿಗೆ ಮಾತ್ರ ಹೆಜ್ಜೆಗೊಂದು ಅನುಮತಿ. ಸೋತವರಿಗೆ ಶಿಸ್ತಿನ ಪಾಠ ಬೇರೆ.

ಸಂಪನ್ಮೂಲ ವ್ಯಕ್ತಿಗಳು ಮುಂದಿನ ಶಿಬಿರದಲ್ಲಿ ಸ್ಲೈಡ್ ತೋರಿಸುವ ಮೊದಲು ಮುಂದಿನ ಬೆಂಚಿನ ಹುಡುಗಿಯ ಟ್ಯಾಬ್ಲೆಟ್ ಇಸಿದುಕೊಳ್ಳಲಿ. ಎಲ್ಲರೆದುರು ಒಂದೇ ಒಂದು ಮರ್ಜ್ ಕಾನ್‌ಫ್ಲಿಕ್ಟ್ ಬಿಡಿಸಿ, ಕಮಿಟ್ ಮಾಡಿ, ಪುಶ್ ಮಾಡಿ ತೋರಿಸಲಿ. ಬ್ಲೂಟೂತ್ ಕೀಬೋರ್ಡ್ ಕೇಳುವಂತಿಲ್ಲ.