ಸತ್ತ ಶೇರಿನ ಉತ್ತರಕ್ರಿಯೆ

ಶೇರಿನ ಬೆಲೆ 100 ರೂಪಾಯಿಯಿಂದ ಒಂದಕ್ಕೆ ಇಳಿದರೂ ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅದು ನಷ್ಟವಲ್ಲ, ಮಾರಿದರಷ್ಟೇ ನಷ್ಟ. ಶೇರುದಾರನಿಗೆ ಈ ಜ್ಞಾನೋದಯವಾಗುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರ, ಆಡಿಟರ ಮುಂದೆ.

"ಸ್ವಾಮಿ, ಕಂಪನಿಯೇ ಮುಳುಗಿದೆಯಲ್ಲ?"

"ಅದು ಮುಳುಗಿದರೆ ಸಾಲದು ರಾಯರೇ, ನೀವು ಮಾರಬೇಕು."

"ಕೊಳ್ಳುವವರು ಯಾರು?"

"ನಾಳೆ ಏರುತ್ತದೆ ಎಂದು ನಂಬುವವರು. ನೀವು ಕೊಂಡದ್ದೂ ಹಾಗೇ ತಾನೇ?"

"ಸರಿ, ಮಾರಿದೆ ಅನ್ನಿ. ಸಂಬಳದಲ್ಲಿ ಕಳೆಯಬಹುದಲ್ಲ?"

"ಆಗದು. ಷೇರುಪೇಟೆಯ ಪಟ್ಟಿಯಲ್ಲಿರುವ ಶೇರನ್ನು 12 ತಿಂಗಳು ಮೀರಿ ಇಟ್ಟುಕೊಂಡಿದ್ದರೆ, ಆ ನಷ್ಟವನ್ನು ದೀರ್ಘಾವಧಿ ಬಂಡವಾಳ ಲಾಭದಲ್ಲಷ್ಟೇ ಕಳೆಯಬೇಕು."

"ಲಾಭ ಎಂಬುದೇ ಇಲ್ಲವಲ್ಲ!"

"ಮಾಡಿಕೊಳ್ಳಿ. ಸರ್ಕಾರ ಮುಂದಿನ 8 ವರ್ಷ ಕಾಯುತ್ತದೆ."

ಈ ಔದಾರ್ಯಕ್ಕೂ ಷರತ್ತುಂಟು: ಗಡುವಿನೊಳಗೆ ರಿಟರ್ನ್ ಸಲ್ಲಿಸದವರ ನಷ್ಟ ಮುಂದಿನ ವರ್ಷಕ್ಕೆ ಸಾಗುವುದಿಲ್ಲ.