ದ್ವೀಪಖೇದ ಮೀಮಾಂಸೆ: ವಾಮದಪದವು ಪಕ್ಷ

ಯಾವ ಶಾಸ್ತ್ರವೇ ಆಗಲಿ, ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿ ಮುಗಿಸಬೇಕು. ಇಲ್ಲದಿದ್ದರೆ ಪಂಡಿತರು ಪುಟ ತಿರುಗಿಸುವುದಿಲ್ಲ. ಇಲ್ಲಿ ವಿಷಯ, ಬೇಜಾರು. ಪ್ರಯೋಜನ, ಅದು ಹೋಗುವುದು. ಸಂಬಂಧ, ದೊಡ್ಡಮ್ಮನ ಮಗ ಮೊದಲೇ ಅಲ್ಲಿದ್ದು ವೀಸಾ ಕಳಿಸಿದ್ದು. ಅಧಿಕಾರಿ ಯಾರೆಂದರೆ, ಬಂಟ್ವಾಳ ತಾಲೂಕಿನ ವಾಮದಪದವಿನಲ್ಲಿ ಹುಟ್ಟಿ, ಬಹ್ರೈನ್ ದ್ವೀಪದಲ್ಲಿ ಕೆಲಸಕ್ಕಿದ್ದು, ಗೊರಕೆ ಹೊಡೆಯುವ ಇಬ್ಬರ ನಡುವೆ ಮಲಗುವವನು. ಶಾಸ್ತ್ರಕಾರರು ತಲೆತಲಾಂತರದಿಂದ ಸಂಬಳವಿಲ್ಲದೆ ಉದಾಹರಣೆಗೆ ದುಡಿಸಿಕೊಂಡ ದೇವದತ್ತನನ್ನೇ ನಾವೂ ಈ ಕೆಲಸಕ್ಕೆ ಕರೆಸಿಕೊಂಡಿದ್ದೇವೆ.

ಭೂಗೋಳವಾದಿಗಳ ಪೂರ್ವಪಕ್ಷ ಹೀಗಿದೆ. ದೇವದತ್ತನ ಬೇಜಾರಿಗೆ ಕಾರಣ ಎತ್ತರದ ಅಭಾವ. ಅವನು ಬೆಳೆದದ್ದು ಮುರಕಲ್ಲಿನ ಪದವಿನ ಮೇಲೆ. ಮನಸ್ಸು ಕೆಟ್ಟ ದಿನ ಕಾರಿಂಜ ಬೆಟ್ಟ ಹತ್ತಿ, ಕೈಯಲ್ಲಿದ್ದ ಬಾಳೆಹಣ್ಣನ್ನು ಮಂಗನಿಗೆ ಒಪ್ಪಿಸಿ ಕೂತರೆ ಲೋಕವೂ ಸಾಲವೂ ಸಣ್ಣದಾಗಿ ಕಾಣುತ್ತಿದ್ದವು. ಊರು ಬಿಟ್ಟದ್ದು ಕೂಡ ಗುಡ್ಡದ ತಲೆ ಸವರಿ ಮಾಡಿದ ಬಜ್ಪೆಯ ರನ್‌ವೇಯಿಂದ. ಇಳಿದದ್ದು ಮಾತ್ರ ಸಮುದ್ರಮಟ್ಟಕ್ಕೆ. ಬಹ್ರೈನ್ ದೇಶವನ್ನು ಇಡಿಯಾಗಿ ಹರವಿದರೂ ದಕ್ಷಿಣ ಕನ್ನಡ ಜಿಲ್ಲೆಯ ಆರನೇ ಒಂದು ಪಾಲಿನಷ್ಟಾದೀತು. ಅದರ ಅತ್ಯುನ್ನತ ಶಿಖರ ಜಬಲ್ ದುಖಾನ್ ಸುಮಾರು 134 ಮೀಟರ್.

ಪ್ರತ್ಯಕ್ಷ ಪ್ರಮಾಣಕ್ಕಾಗಿ ಒಂದು ಶುಕ್ರವಾರ, ಅಲ್ಲಿ ರಜೆಯ ದಿನ, ದೇವದತ್ತನನ್ನು ಆ ಶಿಖರದ ಬುಡಕ್ಕೆ ಒಯ್ಯಲಾಯಿತು. ಕಂಡದ್ದು ಕೊಳವೆ, ಮರಳು, ಮತ್ತೆ ಕೊಳವೆ. ಕೊಲ್ಲಿಯ ಅರಬ್ ದಡದಲ್ಲಿ ಮೊತ್ತಮೊದಲು, 1932ರಲ್ಲಿ, ಎಣ್ಣೆ ಸಿಕ್ಕಿದ್ದು ಇದರ ಬುಡದಲ್ಲಿಯೇ. ಅಂದರೆ ನಮ್ಮ ಕರಾವಳಿಯ ಅದೆಷ್ಟೋ ಹಂಚಿನ ಮನೆಗಳನ್ನು ಟೆರೇಸ್ ಮನೆ ಮಾಡಿದ ಶಕ್ತಿಯ ಮೂಲಸ್ಥಾನ. ದೇವದತ್ತ ಕೈಮುಗಿದ. ಬೇಜಾರು ಹೋಗಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಸ್ಥಾವರವಾದಿಗಳ ಪ್ರಮಾಣ ನಿಂತಿದೆ. ಮರಳುಗಾಡಿನ ನಡುವೆ, ಸುತ್ತ ಹಸಿರೆಂಬುದೇ ಇಲ್ಲದ ಕಡೆ, ಸುಮಾರು 32 ಅಡಿಯ ಒಂಟಿ ಮರ. ಅಲ್ಲಿಯವರು ಜೀವವೃಕ್ಷ ಎನ್ನುತ್ತಾರೆ. ಜಾತಿಯಲ್ಲಿ ಅದು ನಮ್ಮ ಬನ್ನಿ. ವಯಸ್ಸು ಸುಮಾರು 400 ವರ್ಷ. ವಾಮದಪದವಿನವನಿಗೆ ಇದನ್ನು ಕಂಡಾಗ ವೇಣೂರು ನೆನಪಾಗದಿದ್ದರೆ ಅವನ ಜನ್ಮಸ್ಥಳದ ಬಗ್ಗೆಯೇ ಸಂಶಯಪಡಬೇಕು. ಅಲ್ಲಿಯ ಬಾಹುಬಲಿಯನ್ನು ಅಜಿಲ ಅರಸ ನಿಲ್ಲಿಸಿದ್ದು 1604ರಲ್ಲಿ, ಎತ್ತರ 35 ಅಡಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಾಯದವರು, ಒಂದೇ ಆಳ್ತನದವರು, ಬಿಸಿಲಲ್ಲಿ ನಿಂತು ತುಟಿಪಿಟಕ್ಕೆನ್ನದವರು. ಬಾಹುಬಲಿಗಾದರೋ 12 ವರ್ಷಕ್ಕೊಮ್ಮೆ ಮಸ್ತಕಾಭಿಷೇಕವಿದೆ, ನಡುವೆ ವರ್ಷಕ್ಕೆ 150 ಅಂಗುಲದ ಮಳೆಯೂ ಇದೆ. ಮರಕ್ಕೆ ವರ್ಷಕ್ಕೆ 3 ಅಂಗುಲ ಸಿಕ್ಕರೆ ಪುಣ್ಯ. ಆದ್ದರಿಂದ ನೀನೂ ಹೀಗೇ ನಿಲ್ಲು ಎಂಬುದು ಸ್ಥಾವರವಾದಿಗಳ ಉಪದೇಶ. ಪಾಂಡವರು ಆಯುಧ ಮುಚ್ಚಿಟ್ಟದ್ದೂ ಬನ್ನಿಯಲ್ಲಿಯೇ, ಅಜ್ಞಾತವಾಸ ಮುಗಿಯದೆ ಇರುತ್ತದೆಯೇ ಎಂದು ಅವರ ಸಮಾಧಾನ. ದೇವದತ್ತ ಲೆಕ್ಕ ಹಾಕಿದ. ಪಾಂಡವರದು ಒಂದು ವರ್ಷ. ತನ್ನ ವೀಸಾ ಎರಡು ವರ್ಷದ್ದು, ರಿನ್ಯೂ ಆದರೆ ನಾಲ್ಕು. ಮೇಲಾಗಿ ಮರಕ್ಕೆ ಬ್ಯಾಂಕಿನ ಕಂತಿಲ್ಲ, ಬಾಹುಬಲಿ ಎಲ್ಲವನ್ನೂ ಬಿಟ್ಟೇ ನಿಂತವನು. ಪಕ್ಷ ಬಿದ್ದುಹೋಯಿತು.

ಉಪಮಾನ ಪ್ರಮಾಣದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ: ದುಬೈಯಲ್ಲಿರುವ ಸಹಪಾಠಿಯ ಫೋಟೋ ನೋಡಿದರೆ ಬೇಜಾರು ಇಮ್ಮಡಿಯಾಗುತ್ತದೆ. ಸಂಘವಾದಿಗಳ ಮತಕ್ಕೆ ಬಲವಿದೆ. 1977ರಲ್ಲಿ ಹುಟ್ಟಿದ ಬಹ್ರೈನಿನ ಕನ್ನಡ ಸಂಘದಲ್ಲಿ ಯಕ್ಷಗಾನದ ಚೆಂಡೆಗೆ ಪೆಟ್ಟು ಬಿದ್ದರೆ ಬೇಜಾರು ರಂಗಸ್ಥಳ ಬಿಟ್ಟು ಓಡುವುದು ನಿಜ. ಆದರೆ ಮರುದಿನ ಬೆಳಗ್ಗೆ ಡ್ಯೂಟಿ ಇರುತ್ತದೆ. ನೈಮಿತ್ತಿಕ ಪರಿಹಾರವನ್ನು ನಿತ್ಯವೆನ್ನಲು ಶಾಸ್ತ್ರ ಒಪ್ಪದು.

ಇನ್ನು ಸಿದ್ಧಾಂತ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಾನೆ ಎಂದು ತಿಳಿಯುವುದಕ್ಕೆ ಮೀಮಾಂಸಕರು ಅರ್ಥಾಪತ್ತಿ ಎನ್ನುತ್ತಾರೆ. ವಾಮದಪದವಿನ ತಾಯಂದಿರಿಗೆ ಈ ವಿದ್ಯೆ ಗುರುವಿಲ್ಲದೆ ಸಿದ್ಧಿಸಿದೆ. ‘ಆರಾಮಿದ್ದೇನೆ’ ಎಂದು ಒಂದೇ ಫೋನಿನಲ್ಲಿ ಎರಡು ಸಲ ಹೇಳಿದವನು ಆರಾಮಿಲ್ಲ. ಅಲ್ಲಿ ಸಂಜೆ ಆರೂವರೆ, ಇಲ್ಲಿ ರಾತ್ರಿ ಒಂಬತ್ತು.

“ಎಂತ ಮಗಾ, ಸ್ವರ ಸಣ್ಣ ಆಗಿದೆ?”

“ಎಂತ ಇಲ್ಲಮ್ಮ. ಎ.ಸಿ.ದು.”

ಈಗ ಸಾಂತ್ವನ ಬರಬೇಕು. ಬರುವುದಿಲ್ಲ.

“ನಿಂಗೆ ಎ.ಸಿ.ಯಾದರೂ ಉಂಟು. ಇಲ್ಲಿ ಮಳೆ ಬಿಡದೆ ಎರಡನೇ ಮದ್ದು ಬಿಡ್ಲಿಕ್ಕೆ ಆಗ್ಲಿಲ್ಲ. ಕೊಳೆರೋಗ ಬಂದು ಅಡಿಕೆ ಎಲ್ಲ ಉದುರಿದೆ. ಮದ್ದು ಬಿಡುವವ ಫೋನೇ ತೆಗೆಯುದಿಲ್ಲ.”

ದೇವದತ್ತ ಮಂಚದಲ್ಲಿ ಎದ್ದು ಕೂರುತ್ತಾನೆ. “ಅಪ್ಪನಿಗೆ ಕೊಡಿ. ಮೊದಲನೇ ಸಲ ಸುಣ್ಣ ಎಷ್ಟು ಹಾಕಿದ್ದು? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ನಾನು ಹೇಳಿದ್ದೆನಲ್ಲ!” ಸಂಜೆಯವರೆಗೆ ಯಾವ ಕೆಲಸಕ್ಕೂ ಬಾರದ ಜೀವವೆಂದು ತನ್ನನ್ನು ತಾನೇ ಬರೆದುಹಾಕಿದ್ದವನು ಸಮುದ್ರದಾಚೆಯ ತೋಟವನ್ನು ಮುಕ್ಕಾಲು ಗಂಟೆ ನಡೆಸುತ್ತಾನೆ. ಸಾಂತ್ವನ ಕೇಳಿ ಎದ್ದು ಕೂತವರನ್ನು ನಾವು ಕಂಡಿಲ್ಲ. ಇದಕ್ಕೆ ಕೊಳೆರೋಗನ್ಯಾಯ ಎಂದು ಹೆಸರಿಟ್ಟಿದ್ದೇವೆ, ಪಂಡಿತರು ಅಂಗೀಕರಿಸಬೇಕು.

ಕೊಳೆರೋಗ ಮಳೆಗಾಲದ್ದು, ಬೇಸಿಗೆಯ ಬೇಜಾರಿಗೆ ಏನು ಗತಿ ಎಂಬ ಆಕ್ಷೇಪ ಬಾಲಿಶ. ಪಂಪಿನ ಮೋಟಾರ್ ಸುಡುವುದು, ತ್ರೀಫೇಸ್ ಕರೆಂಟು ಕೈಕೊಡುವುದು, ಮಂಗ ಎಳನೀರು ಕೆಡಹುವುದು ಎಂಬ ಉಪನ್ಯಾಯಗಳು ಬೇಕಾದಷ್ಟಿವೆ. ನಿಜವಾದ ತೊಡಕು ಬೇರೆ. ಮಳೆ ಹದವಾಗಿ ಬಂದು, ಮದ್ದು ಹೊತ್ತಿಗೆ ಸರಿಯಾಗಿ ಬಿದ್ದು, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಅಮ್ಮನ ಹತ್ತಿರ ದೂರೇ ಇರುವುದಿಲ್ಲ. ತಮ್ಮ ಹೊಸ ಕಾರು ಬುಕ್ ಮಾಡಿದ್ದಾನೆ. “ನೀನು ಅಲ್ಲಿ ಯಾಕೆ ಸುಮ್ಮನೆ ಕಷ್ಟ ಪಡುದು ಮಗಾ, ಬಂದುಬಿಡು” ಎಂದು ಅಮ್ಮ ಅಕ್ಕರೆಯಿಂದಲೇ ಹೇಳುತ್ತಾಳೆ. ಆ ರಾತ್ರಿ ದೇವದತ್ತ ಉಣ್ಣಲಿಲ್ಲ. ಹಗಲೂ ಉಂಡಿರಲಿಲ್ಲ. ಆದರೂ ದಪ್ಪಗಿದ್ದಾನೆ. ಮೀಮಾಂಸಕರು ಉತ್ತರಿಸಬೇಕು.